ಜೀವಿಸುವ ಹಕ್ಕು: ಒಂದು ಪದದ ಅರ್ಥವಿಸ್ತಾರ

ಶಾಸ್ತ್ರಗಳಲ್ಲಿ ಸೂತ್ರ ಚಿಕ್ಕದು, ಭಾಷ್ಯ ದೊಡ್ಡದು. ಸೂತ್ರಕಾರನು ನಾಲ್ಕಾರು ಪದಗಳಲ್ಲಿ ಅಡಗಿಸಿಟ್ಟ ಅರ್ಥವನ್ನು ಭಾಷ್ಯಕಾರನು ಬಿಡಿಸಿ, ಪೂರ್ವಪಕ್ಷಗಳನ್ನು ಎತ್ತಿ, ಅವಕ್ಕೆ ಸಮಾಧಾನ ಹೇಳಿ, ಕೊನೆಗೆ ಸಿದ್ಧಾಂತವನ್ನು ನಿಲ್ಲಿಸುತ್ತಾನೆ. ಬೆಡಗಿನ ವಚನಗಳಿಗೆ ಟೀಕಾಕಾರರು ಬರೆದ ಟೀಕೆಗಳನ್ನು ಎದುರುಬದುರಾಗಿ ಇಟ್ಟು ಓದಿದವರಿಗೆ, ಪದವೊಂದರ ಅರ್ಥ ಕಾಲದಿಂದ ಕಾಲಕ್ಕೆ ಬೆಳೆಯುವ ಬಗೆ ಅಪರಿಚಿತವಲ್ಲ. ಇಂಥ ಬೆಳವಣಿಗೆ ಸಾಹಿತ್ಯದಲ್ಲಿಯೂ ದರ್ಶನದಲ್ಲಿಯೂ ಮಾತ್ರ ನಡೆಯುವುದೆಂದು ತಿಳಿಯಬೇಕಾಗಿಲ್ಲ. ರಾಷ್ಟ್ರದ ಶಾಸನದಲ್ಲಿಯೂ ಒಂದು ಪದದ ಅರ್ಥ ಬೆಳೆದು, ಆ ಬೆಳವಣಿಗೆಯಿಂದ ಕೋಟ್ಯಂತರ ಜನರ ಅನ್ನ, ದಾರಿ, ಶಾಲೆ, ಔಷಧಗಳ ಪ್ರಶ್ನೆ ಹೊಸ ರೂಪವನ್ನು ತಳೆದುದುಂಟು. ಭಾರತ ಸಂವಿಧಾನದ 21ನೆಯ ಅನುಚ್ಛೇದದಲ್ಲಿ ಬರುವ ‘ಜೀವ’ ಎಂಬ ಪದವೇ ಅದು.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದಲ್ಲಿ ಈ ಅನುಚ್ಛೇದ ಒಂದೇ ವಾಕ್ಯದ್ದು. ಕಾನೂನು ನಿಗದಿಪಡಿಸಿದ ಕ್ರಮದಿಂದಲ್ಲದೆ ಯಾವ ವ್ಯಕ್ತಿಯ ಜೀವವನ್ನಾಗಲಿ, ದೈಹಿಕ ಸ್ವಾತಂತ್ರ್ಯವನ್ನಾಗಲಿ ಅಪಹರಿಸಕೂಡದು ಎಂಬುದು ಅದರ ತಾತ್ಪರ್ಯ. ಅಲ್ಲಿ ಅನ್ನದ ಮಾತಿಲ್ಲ; ಮನೆ, ಆಸ್ಪತ್ರೆ, ಚರಂಡಿಗಳ ಮಾತಿಲ್ಲ. ಆದರೂ ಕಳೆದ ಐದಾರು ದಶಕಗಳಲ್ಲಿ ಇವೆಲ್ಲವೂ ಆ ಒಂದು ವಾಕ್ಯದ ನೆರಳಿಗೆ ಬಂದು ಸೇರಿವೆ. ಜೀವಿಸುವುದೆಂದರೆ ಉಸಿರು ಹಿಡಿದುಕೊಂಡಿರುವುದಷ್ಟೇ ಆಗದೆ ಮನುಷ್ಯನಾಗಿ ಬಾಳುವುದೆಂಬ ಅರ್ಥ ಹೇಗೆ ನೆಲೆಗೊಂಡಿತು? ಅದರಿಂದ ಪ್ರಜೆಗೆ ದೊರೆತುದೇನು, ದೊರೆಯದೆ ಉಳಿದುದೇನು? ಇವನ್ನು ಕ್ರಮವಾಗಿ ವಿಚಾರಿಸುವುದು ಉಚಿತ.

ಸೂತ್ರದ ಹುಟ್ಟು

ಸಂವಿಧಾನ ರಚನಾ ಸಭೆಗೆ ಸಲಹೆಗಾರರಾಗಿದ್ದವರು 1887ರಲ್ಲಿ ಮಂಗಳೂರಿನಲ್ಲಿ ಜನಿಸಿದ ಬೆನಗಲ್ ನರಸಿಂಗರಾಯರು. ಅವರು 1947ರ ಕೊನೆಯಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡು ಚರ್ಚಿಸಿದರು. ಅಮೆರಿಕದ ಸಂವಿಧಾನದಲ್ಲಿ ‘ಡ್ಯೂ ಪ್ರೋಸೆಸ್’, ಅಂದರೆ ನ್ಯಾಯೋಚಿತ ಕ್ರಮ, ಎಂಬ ಮಾತಿದೆ. ಆ ಮಾತನ್ನು ಆಧಾರವಾಗಿಟ್ಟುಕೊಂಡು ಅಲ್ಲಿಯ ನ್ಯಾಯಾಲಯಗಳು ಬಡವರ ಹಿತಕ್ಕಾಗಿ ಮಾಡಿದ ಶಾಸನಗಳನ್ನೇ ಹೊಡೆದುಹಾಕಿದ ಉದಾಹರಣೆಗಳಿದ್ದವು. ನ್ಯೂಯಾರ್ಕ್ ರಾಜ್ಯವು ಬ್ರೆಡ್ಡಿನ ಭಟ್ಟಿಗಳ ಕೆಲಸಗಾರರ ದುಡಿಮೆಯನ್ನು ದಿನಕ್ಕೆ 10 ಗಂಟೆಗೆ ಮಿತಗೊಳಿಸಿದ ಶಾಸನ 1905ರಲ್ಲಿ ಹೀಗೆಯೇ ಬಿದ್ದುಹೋಗಿತ್ತು. ಚುನಾಯಿತ ಶಾಸನಸಭೆಯ ಕೈಯನ್ನು ನ್ಯಾಯಾಧೀಶರು ಹಿಡಿಯಬಾರದೆಂಬುದು ಫ್ರಾಂಕ್‌ಫರ್ಟರ್ ಅವರ ಅಭಿಪ್ರಾಯ. ನರಸಿಂಗರಾಯರಿಗೆ ಅದು ಸಮ್ಮತವಾಯಿತು. ಕೊನೆಗೆ ಭಾರತದ ಸಂವಿಧಾನದಲ್ಲಿ ‘ನ್ಯಾಯೋಚಿತ ಕ್ರಮ’ದ ಸ್ಥಾನದಲ್ಲಿ ‘ಕಾನೂನು ನಿಗದಿಪಡಿಸಿದ ಕ್ರಮ’ ಎಂಬ ಮಾತು ಬಂದು ಕುಳಿತಿತು.

ಸಮಾಜಹಿತದ ಶಾಸನಗಳಿಗೆ ನ್ಯಾಯಾಲಯಗಳು ಅಡ್ಡಿಯಾಗದಿರಲೆಂದು ಆರಿಸಿದ ಸಂಕುಚಿತ ಮಾತು ಇದು ಎಂಬುದನ್ನು ಮರೆಯಬಾರದು. ಮುಂದೆ ಅದೇ ಅನುಚ್ಛೇದದ ಬಾಗಿಲಿನಿಂದಲೇ ಸಮಾಜಹಿತ ಒಳಗೆ ಪ್ರವೇಶಿಸಿತೆಂಬುದು ಇತಿಹಾಸದ ವೈಚಿತ್ರ್ಯ.

ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಗಮನಿಸಬೇಕು. ಸಂವಿಧಾನದ ಮೂರನೆಯ ಭಾಗದಲ್ಲಿ ಮೂಲಭೂತ ಹಕ್ಕುಗಳಿವೆ. ಅವು ಭಂಗಗೊಂಡರೆ ಪ್ರಜೆಯು ನೇರವಾಗಿ ಸರ್ವೋಚ್ಚ ನ್ಯಾಯಾಲಯದ ಬಾಗಿಲನ್ನು ತಟ್ಟಬಹುದು. ನಾಲ್ಕನೆಯ ಭಾಗದಲ್ಲಿ ರಾಜ್ಯನೀತಿಯ ನಿರ್ದೇಶಕ ತತ್ವಗಳಿವೆ. ದುಡಿಯುವವನಿಗೆ ಬಾಳಲು ಸಾಲುವ ಕೂಲಿ, ಯೋಗ್ಯ ಜೀವನಮಟ್ಟ, ಬಿಡುವು ದೊರೆಯುವಂತೆ ರಾಜ್ಯವು ಯತ್ನಿಸಬೇಕೆಂದು 43ನೆಯ ಅನುಚ್ಛೇದ ಹೇಳುತ್ತದೆ. ಜನರ ಪೋಷಣೆಯ ಮಟ್ಟವನ್ನೂ ಜೀವನಮಟ್ಟವನ್ನೂ ಏರಿಸುವುದು ರಾಜ್ಯದ ಆದ್ಯ ಕರ್ತವ್ಯಗಳಲ್ಲಿ ಒಂದೆಂದು 47ನೆಯದು ಸಾರುತ್ತದೆ. ಆದರೆ ಇವನ್ನು ನ್ಯಾಯಾಲಯದ ಮೂಲಕ ಜಾರಿಗೊಳಿಸಲು ಬರುವುದಿಲ್ಲವೆಂದು 37ನೆಯ ಅನುಚ್ಛೇದವೇ ಸ್ಪಷ್ಟಪಡಿಸಿದೆ. ದೇಶವನ್ನಾಳುವುದಕ್ಕೆ ಇವೇ ಮೂಲಾಧಾರವೆಂದೂ ಅದು ಹೇಳುತ್ತದೆ. ಹೀಗೆ ಜೀವದ ಹಕ್ಕು ಒಂದು ಕೋಣೆಯಲ್ಲಿ, ಜೀವನದ ಮಟ್ಟ ಇನ್ನೊಂದು ಕೋಣೆಯಲ್ಲಿ ಉಳಿದವು. ಎರಡರ ನಡುವೆ ಗೋಡೆಯಿತ್ತು. ಆ ಗೋಡೆಯಲ್ಲಿ ಬಾಗಿಲು ತೆರೆದ ಕಥೆಯೇ ಮುಂದಿನದು.

ಮೊದಲ ಓದು, ಎರಡನೆಯ ಓದು

1950ರಲ್ಲಿಯೇ ಸೂತ್ರದ ಮೊದಲ ಪರೀಕ್ಷೆ ನಡೆಯಿತು. ನಿವಾರಕ ಬಂಧನ ಶಾಸನದ ಮೇರೆಗೆ ಸೆರೆಯಲ್ಲಿದ್ದ ಕಮ್ಯೂನಿಸ್ಟ್ ಮುಖಂಡ ಎ. ಕೆ. ಗೋಪಾಲನ್ ಅವರು ಸರ್ವೋಚ್ಚ ನ್ಯಾಯಾಲಯದ ಮೊರೆ ಹೊಕ್ಕರು. ಶಾಸನಸಭೆಯು ವಿಧಿಯುಕ್ತವಾಗಿ ಮಾಡಿದ ಕಾನೂನು ಇದ್ದು, ಅದರಲ್ಲಿ ಹೇಳಿದ ಕ್ರಮ ನಡೆದಿದ್ದರೆ ಸಾಕು. ಆ ಕಾನೂನು ನ್ಯಾಯವೋ ಅನ್ಯಾಯವೋ ಎಂಬುದನ್ನು ನ್ಯಾಯಾಲಯ ನೋಡಬೇಕಾಗಿಲ್ಲ ಎಂದು ಬಹುಮತದ ತೀರ್ಪು ಬಂತು. ನ್ಯಾಯಮೂರ್ತಿ ಫಜಲ್ ಅಲಿಯವರು ಭಿನ್ನಮತವನ್ನು ಬರೆದರು. ಅದು ಅಂದಿಗೆ ಒಂಟಿದನಿಯಾಗಿ ಉಳಿಯಿತು.

ಎರಡನೆಯ ಓದಿಗೆ ಕಾರಣನಾದವನು ಉತ್ತರ ಪ್ರದೇಶದ ಒಬ್ಬ ಸಾಮಾನ್ಯ ವ್ಯಕ್ತಿ. ದರೋಡೆಯ ಆರೋಪ ಹೊತ್ತು, ಸಾಕ್ಷ್ಯವಿಲ್ಲದೆ ಬಿಡುಗಡೆ ಹೊಂದಿದ ಆತನ ಮನೆಯ ಬಾಗಿಲನ್ನು ಪೊಲೀಸರು ರಾತ್ರಿ ಹೊತ್ತಿನಲ್ಲಿ ಬಡಿದು, ನಿದ್ರೆಯಿಂದ ಎಬ್ಬಿಸಿ, ಇದ್ದಾನೋ ಇಲ್ಲವೋ ಎಂದು ನೋಡುತ್ತಿದ್ದರು. ಖಡಕ್ ಸಿಂಗ್ ಪ್ರಕರಣವೆಂದು ಹೆಸರಾದ ಇದರ ತೀರ್ಪು 1962ರ ಡಿಸೆಂಬರಿನಲ್ಲಿ ಹೊರಬಂತು. ರಾತ್ರಿಯ ಈ ಬಾಗಿಲು ಬಡಿತ ಕಾನೂನುಬಾಹಿರವೆಂದು ನ್ಯಾಯಾಲಯ ಸಾರಿತು. ಹಾಗೆ ಸಾರುವಾಗ ಅದು 1877ರ ಒಂದು ಅಮೆರಿಕನ್ ಪ್ರಕರಣವನ್ನು ನೆನೆಯಿತು. ಇಲಿನಾಯ್ ರಾಜ್ಯದ ಧಾನ್ಯದ ಉಗ್ರಾಣಗಳ ಬಾಡಿಗೆಯ ಬಗೆಗಿನ ಆ ವ್ಯಾಜ್ಯದಲ್ಲಿ ನ್ಯಾಯಮೂರ್ತಿ ಫೀಲ್ಡ್ ಅವರು, ಜೀವವೆಂಬ ಪದಕ್ಕೆ ಪಶುವಿನಂತೆ ಬದುಕಿರುವುದಕ್ಕಿಂತ ಹೆಚ್ಚಿನ ಅರ್ಥವಿದೆ, ಬದುಕನ್ನು ಅನುಭವಿಸಲು ಸಾಧನವಾದ ಎಲ್ಲ ಅಂಗಗಳೂ ಶಕ್ತಿಗಳೂ ಅದರಲ್ಲಿ ಸೇರಿವೆ ಎಂಬ ಅಭಿಪ್ರಾಯವನ್ನು ತಮ್ಮ ಭಿನ್ನಮತದಲ್ಲಿ ಸೂಚಿಸಿದ್ದರು. ಕೈಯನ್ನೋ ಕಣ್ಣನ್ನೋ ಕಿತ್ತುಕೊಂಡು ಪ್ರಾಣವನ್ನು ಮಾತ್ರ ಬಿಟ್ಟರೆ ಜೀವವನ್ನು ಉಳಿಸಿದಂತಾಗಲಿಲ್ಲ ಎಂಬುದು ಅವರ ವಾದದ ಸಾರ. ಸೋತ ಪಕ್ಷದ ಆ ಮಾತು ಸಮುದ್ರವನ್ನು ದಾಟಿ, 85 ವರ್ಷಗಳ ಬಳಿಕ ಭಾರತದ ನ್ಯಾಯಪೀಠದಲ್ಲಿ ಮನ್ನಣೆ ಪಡೆಯಿತು.

ಆದರೆ ಬೀಜ ಮೊಳೆಯುವ ಮುನ್ನ ಬರಗಾಲ ಬಂತು. 1975ರ ಜೂನಿನಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಗಿ, 21ನೆಯ ಅನುಚ್ಛೇದವನ್ನು ಆಧರಿಸಿ ನ್ಯಾಯಾಲಯಕ್ಕೆ ಹೋಗುವ ಹಕ್ಕು ಅಮಾನತಿನಲ್ಲಿ ಬಿತ್ತು. ಪೊಲೀಸನೊಬ್ಬನು ದ್ವೇಷದಿಂದ ಒಬ್ಬನನ್ನು ಕೊಂದರೂ ಪರಿಹಾರವಿಲ್ಲವೇ ಎಂದು ನ್ಯಾಯಮೂರ್ತಿ ಎಚ್. ಆರ್. ಖನ್ನಾ ಕೇಳಿದಾಗ, ತುರ್ತುಪರಿಸ್ಥಿತಿ ಇರುವವರೆಗೆ ಇಲ್ಲವೆಂಬ ಉತ್ತರ ಸರಕಾರದ ಪರವಾಗಿ ಬಂತು. 1976ರ ಏಪ್ರಿಲ್ 28ರಂದು ನಾಲ್ವರು ನ್ಯಾಯಮೂರ್ತಿಗಳು ಸರಕಾರದ ಪರವಾಗಿಯೂ, ಖನ್ನಾ ಒಬ್ಬರೇ ವಿರುದ್ಧವಾಗಿಯೂ ತೀರ್ಪಿತ್ತರು. ಈ ಪೆಟ್ಟಿನಿಂದ ದೇಶ ಪಾಠ ಕಲಿಯಿತೆನ್ನಬೇಕು. 1978ರ 44ನೆಯ ತಿದ್ದುಪಡಿಯು, ತುರ್ತುಪರಿಸ್ಥಿತಿಯಲ್ಲಿಯೂ 21ನೆಯ ಅನುಚ್ಛೇದದ ಜಾರಿಯನ್ನು ತಡೆಹಿಡಿಯಬಾರದೆಂದು ವಿಧಿಸಿತು. 1976ರ ತೀರ್ಪು ತಪ್ಪೆಂದು ಸರ್ವೋಚ್ಚ ನ್ಯಾಯಾಲಯವೇ 2017ರಲ್ಲಿ ಘೋಷಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ, ಖಾಸಗಿತನವೂ ಜೀವಿಸುವ ಹಕ್ಕಿನ ಒಳಗಿನದೆಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ ಸಂದರ್ಭ ಅದು.

ಭಾಷ್ಯದ ತಿರುವು

ತುರ್ತುಪರಿಸ್ಥಿತಿ ಕಳೆದ ಮೇಲೆ ಸೂತ್ರದ ಎರಡು ಪದಗಳಿಗೂ ಹೊಸ ಭಾಷ್ಯ ದೊರೆಯಿತು. ಮೊದಲನೆಯದು ‘ಕ್ರಮ’ ಎಂಬ ಪದಕ್ಕೆ. 1977ರಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ಸರಕಾರ ಕಾರಣ ಹೇಳದೆ ವಶಪಡಿಸಿಕೊಂಡಿತು. 1978ರ ಜನವರಿ 25ರ ತೀರ್ಪಿನಲ್ಲಿ, ಕಾಗದದ ಮೇಲೆ ಒಂದು ಕ್ರಮವಿದ್ದರೆ ಸಾಲದು, ಅದು ನ್ಯಾಯವೂ ಯುಕ್ತವೂ ಆಗಿರಬೇಕೆಂದು ನಿರ್ಣಯವಾಯಿತು. ನರಸಿಂಗರಾಯರು ಹೊರಗೆ ಕಳುಹಿಸಿದ್ದ ‘ನ್ಯಾಯೋಚಿತ ಕ್ರಮ’ ಹೀಗೆ ಹಿತ್ತಿಲ ಬಾಗಿಲಿನಿಂದ ಮರಳಿ ಬಂತು.

ಎರಡನೆಯದು ‘ಜೀವ’ ಎಂಬ ಪದಕ್ಕೆ. ಫ್ರಾನ್ಸಿಸ್ ಕೋರಲಿ ಎಂಬ ಬ್ರಿಟಿಷ್ ಮಹಿಳೆ ಕಳ್ಳಸಾಗಣೆ ತಡೆಯುವ ಶಾಸನದ ಮೇರೆಗೆ ದೆಹಲಿಯ ತಿಹಾರ್ ಸೆರೆಮನೆಯಲ್ಲಿದ್ದಳು. ತನ್ನ ಎಳೆಯ ಮಗಳನ್ನು ತಿಂಗಳಿಗೊಮ್ಮೆ ಮಾತ್ರ ನೋಡಬಹುದು, ವಕೀಲನನ್ನು ಕಾಣಬೇಕಾದರೆ ಅಧಿಕಾರಿಗಳ ಮುಂಗಡ ಅನುಮತಿ ಬೇಕು ಎಂಬ ನಿಯಮಗಳನ್ನು ಆಕೆ ಪ್ರಶ್ನಿಸಿದಳು. 1981ರ ಜನವರಿ 13ರ ತೀರ್ಪಿನಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ಆ ನಿಯಮಗಳನ್ನು ರದ್ದುಗೊಳಿಸಿ, ಅಷ್ಟಕ್ಕೇ ನಿಲ್ಲದೆ ‘ಜೀವ’ ಪದದ ವ್ಯಾಖ್ಯಾನವನ್ನೂ ನೀಡಿದರು. ಜೀವಿಸುವ ಹಕ್ಕೆಂದರೆ ಮಾನವ ಘನತೆಯಿಂದ ಜೀವಿಸುವ ಹಕ್ಕು. ಸಾಕಷ್ಟು ಆಹಾರ, ಉಡುಪು, ತಲೆಯ ಮೇಲೆ ಸೂರು, ಓದು ಬರಹದ ಅನುಕೂಲ, ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳುವ ಅವಕಾಶ, ಸಹಮಾನವರೊಂದಿಗೆ ಬೆರೆಯುವ ಸ್ವಾತಂತ್ರ್ಯ ಇವು ಅದರ ಅಂಗಗಳು ಎಂಬುದು ಆ ವ್ಯಾಖ್ಯಾನದ ಸಾರಾಂಶ. ಇವು ಎಷ್ಟರ ಮಟ್ಟಿಗೆ ದೊರೆಯಬಲ್ಲವೆಂಬುದು ದೇಶದ ಆರ್ಥಿಕ ಬೆಳವಣಿಗೆಯನ್ನು ಅವಲಂಬಿಸುತ್ತದೆಂಬ ವಿವೇಕದ ಮಾತೂ ಅದರಲ್ಲಿತ್ತು. ಆ ದಿನ ಭಗವತಿಯವರ ಜೊತೆ ಪೀಠದಲ್ಲಿದ್ದವರು ನ್ಯಾಯಮೂರ್ತಿ ಮುರ್ತಜಾ ಫಜಲ್ ಅಲಿ. 1950ರಲ್ಲಿ ಭಿನ್ನಮತ ಬರೆದ ಫಜಲ್ ಅಲಿಯವರ ಪುತ್ರರು.

ಇಲ್ಲಿ ಎರಡು ವಿಷಯಗಳು ಧ್ಯಾನಾರ್ಹ. ದೇಶದ ಬಡವರಿಗೆಲ್ಲ ಆಧಾರವಾದ ಈ ವ್ಯಾಖ್ಯಾನ ಹುಟ್ಟಿದುದು ಒಬ್ಬ ಪರದೇಶೀಯಳ, ಅದೂ ಸೆರೆಯಾಳಿನ, ಮೊರೆಯಿಂದ. ಅನುಚ್ಛೇದದಲ್ಲಿ ‘ಪ್ರಜೆ’ ಎಂದಿರದೆ ‘ವ್ಯಕ್ತಿ’ ಎಂದಿರುವುದರ ಮಹತ್ವ ಇಲ್ಲಿ ಬೆಳಗುತ್ತದೆ. ಎರಡನೆಯದಾಗಿ, ಎರಡು ಕೋಣೆಗಳ ನಡುವಣ ಗೋಡೆಯಲ್ಲಿ ಬಾಗಿಲು ಮೂಡಿತು. ಹರಿಯಾಣದ ಫರೀದಾಬಾದಿನ ಕಲ್ಲುಗಣಿಗಳಲ್ಲಿ ಜೀತದಲ್ಲಿದ್ದ ಕೆಲಸಗಾರರ ಪ್ರಕರಣದಲ್ಲಿ 1983ರ ಡಿಸೆಂಬರಿನಲ್ಲಿ ಬಂದ ತೀರ್ಪು ಇದನ್ನು ಬಿಚ್ಚಿ ಹೇಳಿತು: ಘನತೆಯಿಂದ ಜೀವಿಸುವ ಹಕ್ಕು ತನ್ನ ಪ್ರಾಣವಾಯುವನ್ನು ಪಡೆಯುವುದು ನಿರ್ದೇಶಕ ತತ್ವಗಳಿಂದಲೇ. ನ್ಯಾಯಾಲಯ ಜಾರಿಗೊಳಿಸಲಾರದೆಂಬ ತತ್ವಗಳು ‘ಜೀವ’ ಪದದ ಅರ್ಥವನ್ನು ತುಂಬುವ ಆಕರಗಳಾದವು.

ದಾರಿ, ಚರಂಡಿ, ದುಡಿಮೆ

‘ಜೀವನದ ಗುಣಮಟ್ಟ’ ಎಂಬ ಮಾತು ಸ್ಪಷ್ಟವಾಗಿ ಕಾಣಿಸಿಕೊಂಡುದು 1986ರಲ್ಲಿ, ಹಿಮಾಚಲ ಪ್ರದೇಶದ ಬೆಟ್ಟದೂರುಗಳ ಒಂದು ಪ್ರಕರಣದಲ್ಲಿ. ತಮ್ಮ ಊರಿಗೆ ಆಗಬೇಕಾದ ರಸ್ತೆ ಅರ್ಧಕ್ಕೆ ನಿಂತಿದೆಯೆಂದು ಬಡ ಹಳ್ಳಿಗರು ಉಚ್ಚ ನ್ಯಾಯಾಲಯಕ್ಕೆ ಒಂದು ಪತ್ರ ಬರೆದರು. ಅವರ ಬಳಿ ವಕೀಲರಿರಲಿಲ್ಲ, ಶುಲ್ಕ ಕಟ್ಟುವ ಶಕ್ತಿಯಿರಲಿಲ್ಲ. ಆ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿ ನ್ಯಾಯಾಲಯ ಆಜ್ಞೆ ಮಾಡಿತು. ಸರಕಾರ ಅದನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 21ನೆಯ ಅನುಚ್ಛೇದ ದೇಹದ ಇರವನ್ನು ಮಾತ್ರವಲ್ಲದೆ ಜೀವನದ ಗುಣಮಟ್ಟವನ್ನೂ ಒಳಗೊಳ್ಳುತ್ತದೆ, ಗುಡ್ಡಗಾಡಿನ ಜನರಿಗೆ ರಸ್ತೆಯೇ ಬದುಕಿನ ದಾರಿ ಎಂಬ ನಿಲುವನ್ನು ಅಲ್ಲಿಯೂ ಎತ್ತಿಹಿಡಿಯಲಾಯಿತು. ದಾರಿಯಿಲ್ಲದ ಊರಿನಲ್ಲಿ ಹೆರಿಗೆಯ ನೋವು ಬಂದವಳನ್ನು ಡೋಲಿಯಲ್ಲಿ ಹೊರಬೇಕು. ಬೆಳೆದ ಬೆಳೆ ಪೇಟೆಗೆ ಸೇರದೆ ಕೊಳೆಯಬೇಕು. ಮಕ್ಕಳು ಮಳೆಗಾಲದಲ್ಲಿ ಶಾಲೆ ಬಿಡಬೇಕು. ಮಲೆನಾಡಿನ ಒಳಹಳ್ಳಿಗಳನ್ನು ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇದಕ್ಕೂ ಮೊದಲು, 1980ರಲ್ಲಿ, ಮಧ್ಯಪ್ರದೇಶದ ರತ್ಲಾಂ ಪಟ್ಟಣದ ಪ್ರಕರಣವೊಂದು ಇತ್ಯರ್ಥವಾಗಿತ್ತು. ಅಲ್ಲಿಯ ಒಂದು ಬಡಾವಣೆಯಲ್ಲಿ ಚರಂಡಿಯಿಲ್ಲ. ಕೊಳೆಗೇರಿಯವರಿಗೆ ಶೌಚಾಲಯವಿಲ್ಲದೆ ಬೀದಿಯೇ ಗತಿ. ಸಾರಾಯಿ ಕಾರ್ಖಾನೆಯ ದುರ್ನಾತದ ನೀರು ಬೀದಿಗೆ ಹರಿಯುತ್ತಿತ್ತು. ಸಾರ್ವಜನಿಕ ಉಪದ್ರವವನ್ನು ನಿವಾರಿಸಬೇಕೆಂದು ದಂಡಾಧಿಕಾರಿ ಆಜ್ಞಾಪಿಸಿದರೆ, ಬೊಕ್ಕಸದಲ್ಲಿ ಹಣವಿಲ್ಲವೆಂದು ಪುರಸಭೆ ಕೈಚೆಲ್ಲಿತು. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಈ ನೆಪವನ್ನು ಒಪ್ಪಲಿಲ್ಲ. ಈ ತೀರ್ಪು ನಿಂತಿರುವುದು 21ನೆಯ ಅನುಚ್ಛೇದದ ಮೇಲಲ್ಲ, ದಂಡಪ್ರಕ್ರಿಯಾ ಸಂಹಿತೆಯ ಮೇಲೆ. ಆದರೂ, ಮರ್ಯಾದೆ ಮತ್ತು ಘನತೆಗಳು ಚೌಕಾಸಿಗೆ ಸಿಕ್ಕುವ ಸರಕಲ್ಲ, ಸ್ಥಳೀಯ ಸಂಸ್ಥೆಯ ಆದಾಯದ ಮೇಲೆ ಅವುಗಳದೇ ಮೊದಲ ಹಕ್ಕು ಎಂಬ ಅದರ ಭಾವ ಮುಂದಿನ ಭಾಷ್ಯಕ್ಕೆ ಹಾದಿಯಾಯಿತು.

ದುಡಿಮೆಯ ವಿಷಯ ಇನ್ನೂ ತೊಡಕಿನದು. 1981ರ ಮಳೆಗಾಲದಲ್ಲಿ ಮುಂಬಯಿಯ ಬೀದಿಬದಿಯ ಜೋಪಡಿಗಳನ್ನು ಕಿತ್ತು, ನಿವಾಸಿಗಳನ್ನು ಅವರವರ ಊರಿಗೆ ಕಳುಹಿಸುವ ನಿರ್ಧಾರ ಹೊರಟಿತು. ಪತ್ರಕರ್ತೆ ಓಲ್ಗಾ ಟೆಲಿಸ್ ಮೊದಲಾದವರು ನ್ಯಾಯಾಲಯಕ್ಕೆ ಹೋದರು. 1985ರ ಜುಲೈ 10ರಂದು ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡ್ ಅವರು ಬರೆದ ತೀರ್ಪು, ಜೀವನೋಪಾಯದ ಹಕ್ಕು ಜೀವದ ಹಕ್ಕಿನಲ್ಲಿಯೇ ಅಡಗಿದೆಯೆಂದು ನಿರ್ಣಯಿಸಿತು. ಬದುಕುವ ಸಾಧನವನ್ನು ಕಸಿದುಕೊಂಡು ಬದುಕನ್ನು ಕಸಿದಿಲ್ಲವೆನ್ನುವುದು ಸಲ್ಲದು ಎಂಬುದು ಅದರ ತರ್ಕ. ಕಾಯಕವೂ ಬದುಕೂ ಒಂದೇ ಉಸಿರಿನವೆಂಬುದನ್ನು ಒಪ್ಪಿಕೊಂಡು ಬಂದ ಪರಂಪರೆಯ ಓದುಗರಿಗೆ ಈ ತರ್ಕ ಕೂಡಲೇ ಮನಸ್ಸಿಗೆ ಹತ್ತುತ್ತದೆ. ಆದರೆ ಅದೇ ತೀರ್ಪು, ಪಾದಚಾರಿ ದಾರಿಯಲ್ಲಿ ಮನೆ ಕಟ್ಟುವ ಹಕ್ಕು ಯಾರಿಗೂ ಇಲ್ಲವೆಂದೂ ಹೇಳಿತು. ಮಳೆಗಾಲ ಮುಗಿಯುವವರೆಗೆ ತೆರವು ಬೇಡವೆಂದಿತು. 1976ರ ಗಣತಿಯ ಚೀಟಿ ಪಡೆದವರಿಗೆ ಮಾತ್ರ ಬದಲಿ ಜಾಗ ಒದಗಿಸಬೇಕೆಂದಿತು. ಹಕ್ಕು ಗೆದ್ದಿತು, ಹಕ್ಕುದಾರನ ಗುಡಿಸಲು ಉಳಿಯುವ ಭರವಸೆ ಮಾತ್ರ ದೊರೆಯಲಿಲ್ಲ. ಭಾಷ್ಯದ ಘನತೆಯೊಡನೆ ಅದರ ಮಿತಿಯನ್ನೂ ತೋರಿಸುವ ತೀರ್ಪು ಇದು.

ಶಾಲೆ, ಆಸ್ಪತ್ರೆ, ಅನ್ನ

ವಿದ್ಯೆಯ ಪ್ರಶ್ನೆ ಎದ್ದುದು ಕರ್ನಾಟಕದಿಂದಲೇ. ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ರಾಜ್ಯದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿ ಎಂಬ ಶುಲ್ಕವ್ಯವಸ್ಥೆಯನ್ನು ರಾಜ್ಯ ಸರಕಾರ 1989ರಲ್ಲಿ ಗೊತ್ತುಪಡಿಸಿತ್ತು. ಉತ್ತರ ಪ್ರದೇಶದ ವಿದ್ಯಾರ್ಥಿನಿಯೊಬ್ಬಳು ಇದನ್ನು ಪ್ರಶ್ನಿಸಿದಳು. ಮೋಹಿನಿ ಜೈನ್ ಪ್ರಕರಣವೆಂದು ಪ್ರಸಿದ್ಧವಾದ ಇದರಲ್ಲಿ 1992ರಲ್ಲಿ, ಶಿಕ್ಷಣವಿಲ್ಲದೆ ಘನತೆಯ ಬದುಕಿಲ್ಲ, ಆದ್ದರಿಂದ ಶಿಕ್ಷಣವೂ ಮೂಲಭೂತ ಹಕ್ಕು ಎಂದು ತೀರ್ಪಾಯಿತು. ಮರುವರ್ಷವೇ ಉಣ್ಣಿಕೃಷ್ಣನ್ ಪ್ರಕರಣದಲ್ಲಿ ದೊಡ್ಡ ಪೀಠವೊಂದು ಅದನ್ನು 14 ವರ್ಷದವರೆಗಿನ ಮಕ್ಕಳ ಉಚಿತ ಶಿಕ್ಷಣಕ್ಕೆ ಸೀಮಿತಗೊಳಿಸಿತು. ಅದಕ್ಕೆ ಮೇಲ್ಪಟ್ಟುದು ರಾಜ್ಯದ ಆರ್ಥಿಕ ಶಕ್ತಿಗೆ ಬಿಟ್ಟದ್ದೆಂದಿತು. 2002ರ 86ನೆಯ ತಿದ್ದುಪಡಿಯಿಂದ 21-ಎ ಎಂಬ ಹೊಸ ಅನುಚ್ಛೇದ ಸೇರಿ, 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಶಿಕ್ಷಣದ ಹಕ್ಕು ದೊರೆಯಿತು. ಭಾಷ್ಯದಲ್ಲಿ ಹುಟ್ಟಿದ ಅರ್ಥ ಮೂಲಗ್ರಂಥಕ್ಕೇ ಏರಿದ ಅಪೂರ್ವ ಪ್ರಸಂಗವಿದು.

ಆಸ್ಪತ್ರೆಯ ವಿಷಯದಲ್ಲಿ 1996ರ ಬಂಗಾಳದ ಪ್ರಕರಣ ಸ್ಮರಣೀಯ. 1992ರ ಜುಲೈಯಲ್ಲಿ ರೈಲಿನಿಂದ ಬಿದ್ದು ತಲೆಗೆ ಭಾರೀ ಪೆಟ್ಟಾದ ಕೃಷಿಕಾರ್ಮಿಕನೊಬ್ಬನನ್ನು ಸರಕಾರಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಹೊತ್ತು ತಿರುಗಬೇಕಾಯಿತು. ಎಲ್ಲೆಡೆಯೂ ಹಾಸಿಗೆಯಿಲ್ಲ, ಸೌಕರ್ಯವಿಲ್ಲ ಎಂಬ ಉತ್ತರ. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಹಣ ತೆತ್ತು ಜೀವ ಉಳಿಸಿಕೊಂಡನು. ಸಕಾಲದಲ್ಲಿ ಚಿಕಿತ್ಸೆ ನೀಡದ ಸರಕಾರಿ ಆಸ್ಪತ್ರೆ ಜೀವಿಸುವ ಹಕ್ಕನ್ನು ಭಂಗಪಡಿಸಿದಂತೆಯೇ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿ, ಆತನಿಗೆ 25,000 ರೂಪಾಯಿ ಪರಿಹಾರ ಕೊಡಿಸಿತು. ಹಣದ ಕೊರತೆಯ ನೆಪ ಇಲ್ಲಿಯೂ ನಿಲ್ಲಲಿಲ್ಲ.

ಅನ್ನದ ವಿಷಯ ಎಲ್ಲಕ್ಕಿಂತ ಹೃದಯವನ್ನು ತಟ್ಟುವಂಥದು. 2001ರಲ್ಲಿ ಬರಗಾಲ ತಗುಲಿದ ರಾಜಸ್ಥಾನದಲ್ಲಿ ಜನ ಹಸಿವಿನಿಂದ ನರಳುತ್ತಿದ್ದಾಗ ಆಹಾರ ನಿಗಮದ ಉಗ್ರಾಣಗಳು ತುಂಬಿ ತುಳುಕುತ್ತಿದ್ದವು. ಪೌರ ಸ್ವಾತಂತ್ರ್ಯಗಳಿಗಾಗಿ ಶ್ರಮಿಸುವ ಸಂಘಟನೆಯೊಂದು ಆ ವರ್ಷದ ಏಪ್ರಿಲಿನಲ್ಲಿ ಅರ್ಜಿ ಹಾಕಿತು. ನವೆಂಬರ್ 28ರ ಮಧ್ಯಂತರ ಆಜ್ಞೆಯಲ್ಲಿ ನ್ಯಾಯಾಲಯವು ಸರಕಾರದ ಆಹಾರ ಯೋಜನೆಗಳನ್ನು ಜನರ ಹಕ್ಕುಗಳಾಗಿ ಮಾರ್ಪಡಿಸಿತು. ಸರಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಪ್ರತಿಯೊಂದು ಮಗುವಿಗೂ ವರ್ಷಕ್ಕೆ ಕನಿಷ್ಠ 200 ದಿನ, 300 ಕ್ಯಾಲರಿಯೂ 8ರಿಂದ 12 ಗ್ರಾಂ ಪ್ರೋಟೀನೂ ಇರುವ ಬಿಸಿಯೂಟ ಕೊಡಬೇಕೆಂದು ಅದು ಆಜ್ಞಾಪಿಸಿತು. ಕೇಂದ್ರದ ಯೋಜನೆ 1995ರಲ್ಲಿಯೇ ಆರಂಭವಾಗಿದ್ದರೂ ಬಹುಪಾಲು ರಾಜ್ಯಗಳಲ್ಲಿ ಅದು ಒಣಧಾನ್ಯದ ವಿತರಣೆಯಾಗಿಯೇ ಉಳಿದಿತ್ತು.

ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯ ಜಿಲ್ಲೆಗಳಿಂದ ಮೊದಲಾಗಿ ರಾಜ್ಯಕ್ಕೆಲ್ಲ ಹಬ್ಬಿದ ಬಿಸಿಯೂಟ ಯೋಜನೆಗೆ ‘ಅಕ್ಷರ ದಾಸೋಹ’ ಎಂಬ ಹೆಸರು ಬಂದಿತು. ಈ ಹೆಸರು ವಿಚಾರಕ್ಕೆ ಯೋಗ್ಯವಾದುದು. ದಾನಕ್ಕೂ ದಾಸೋಹಕ್ಕೂ ಶರಣರು ಕಂಡ ಭೇದ ವಚನಗಳ ಅಭ್ಯಾಸಿಗಳಿಗೆ ತಿಳಿದದ್ದೇ. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ದಾಸೋಹದಲ್ಲಿ ನೀಡುವವನೇ ದಾಸನೆಂಬ ಭಾವ. ಹಾಗೆಂದು ದಾಸೋಹವೂ ಹಕ್ಕೂ ಒಂದೇ ಎನ್ನಲಾಗದು. ದಾಸೋಹ ನೀಡುವವನ ಅಂತಃಕರಣದಿಂದ ಹೊಮ್ಮುವ ಧರ್ಮ. ಹಕ್ಕು ಪಡೆಯುವವನ ಕೈಯಲ್ಲಿರುವ ಶಾಸನ. ನೀಡುವವನ ಅಂತಃಕರಣ ಬತ್ತಿದ ದಿನವೂ ತಟ್ಟೆಗೆ ಅನ್ನ ಬೀಳಬೇಕಾದರೆ ಶಾಸನವೇ ಬೇಕು. ಆದರೆ ಪಡೆಯುವವನ ತಲೆ ತಗ್ಗಬಾರದೆಂಬ ಒಂದು ಬಿಂದುವಿನಲ್ಲಿ ಎರಡೂ ಕೂಡುತ್ತವೆ. ಪಂಕ್ತಿಯಲ್ಲಿ ಕುಳಿತ ಮಗು ಯಾರ ಕೃಪೆಯನ್ನೂ ಉಣ್ಣುತ್ತಿಲ್ಲ. ತನ್ನ ಪಾಲನ್ನು ತಾನು ಉಣ್ಣುತ್ತಿದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಶಾಸನವು ಈ ಭಾವವನ್ನು ನ್ಯಾಯಬೆಲೆ ಅಂಗಡಿಯ ಧಾನ್ಯಕ್ಕೂ ವಿಸ್ತರಿಸಿದೆ.

ಪೂರ್ವಪಕ್ಷಗಳು

ಈ ಭಾಷ್ಯಪರಂಪರೆಗೆ ಎರಡು ಪ್ರಬಲ ಆಕ್ಷೇಪಗಳಿವೆ. ಆಯವ್ಯಯವನ್ನು ನಿರ್ಣಯಿಸುವುದು ಚುನಾಯಿತ ಪ್ರತಿನಿಧಿಗಳ ಕೆಲಸ. ಯಾವ ಊರಿಗೆ ರಸ್ತೆ, ಯಾವ ಊರಿಗೆ ಆಸ್ಪತ್ರೆ ಎಂಬುದನ್ನು ನ್ಯಾಯಾಧೀಶರು ಹೇಳತೊಡಗಿದರೆ ಜನರ ಮತಕ್ಕೆ ಏನು ಬೆಲೆ ಎಂಬುದು ಒಂದು. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಫ್ರಾಂಕ್‌ಫರ್ಟರ್ ಅವರ ಅಂಜಿಕೆಯ ಮೂಲವೂ ಇದೇ. ಆದರೆ ಮೇಲಿನ ಪ್ರಕರಣಗಳನ್ನು ಸೂಕ್ಷ್ಮವಾಗಿ ನೋಡಿದರೆ, ಹಲವೆಡೆ ನ್ಯಾಯಾಲಯವು ಹೊಸ ಖರ್ಚನ್ನು ಸೃಷ್ಟಿಸಿದ್ದಲ್ಲ. ರಸ್ತೆಯನ್ನು ಆರಂಭಿಸಿದ್ದು ಸರಕಾರವೇ. ಚರಂಡಿ ಕಟ್ಟುವುದು ಪುರಸಭೆಯ ಶಾಸನದಲ್ಲಿಯೇ ಇದ್ದ ಕರ್ತವ್ಯ. ಧಾನ್ಯ ಸರಕಾರದ ಉಗ್ರಾಣದಲ್ಲಿಯೇ ಇತ್ತು. ಸರಕಾರ ತಾನೇ ಆಡಿದ ಮಾತನ್ನು ನಡೆಸಿಕೊಡಲೆಂದು ನ್ಯಾಯಾಲಯ ಕೇಳಿತು.

ಎಲ್ಲವನ್ನೂ ಹಕ್ಕೆಂದು ಕರೆದರೆ ಹಕ್ಕೆಂಬ ಮಾತೇ ಸವೆದುಹೋದೀತು ಎಂಬುದು ಎರಡನೆಯದು. ತೀರ್ಪು ಬಂದ ಮಾತ್ರಕ್ಕೆ ಬಾಳು ಬದಲಾಗುವುದಿಲ್ಲವೆಂಬುದಕ್ಕೆ ನಿದರ್ಶನಗಳು ಇಲ್ಲದಿಲ್ಲ. ಅವುಗಳಲ್ಲಿ ಅತ್ಯಂತ ನೋವಿನದು ಮಲ ಹೊರುವ ಪದ್ಧತಿಯದು. 1993ರ ಶಾಸನ ಅದನ್ನು ನಿಷೇಧಿಸಿತು. 2013ರ ಶಾಸನ ಮತ್ತಷ್ಟು ಬಿಗಿಗೊಳಿಸಿತು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಈ ಕೆಲಸಕ್ಕೆ ಕಟ್ಟುಬಿದ್ದ ಕುಟುಂಬದಲ್ಲಿ ಹುಟ್ಟಿ, 2016ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಅವರು ಕಟ್ಟಿ ಬೆಳೆಸಿದ ಸಫಾಯಿ ಕರ್ಮಚಾರಿ ಆಂದೋಲನ ನಡೆಸಿದ ಪ್ರಕರಣದಲ್ಲಿ, 1993ರಿಂದೀಚೆಗೆ ಒಳಚರಂಡಿಯಲ್ಲಿ ಸತ್ತ ಪ್ರತಿಯೊಬ್ಬನ ಕುಟುಂಬಕ್ಕೂ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2014ರ ಮಾರ್ಚಿನಲ್ಲಿ ಆಜ್ಞೆಯಾಯಿತು. 2023ರ ಅಕ್ಟೋಬರಿನಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಬೇಕಾಯಿತು. ಪರಿಹಾರದ ಮೊತ್ತ ಏರಿತೆಂದರೆ, ಗುಂಡಿಗೆ ಇಳಿದವರು ಮೇಲೆ ಬಾರದಿರುವುದು ನಿಂತಿಲ್ಲವೆಂದೇ ಅರ್ಥ. ಸತ್ತವನ ಜೀವಕ್ಕೆ ಬೆಲೆ ಕಟ್ಟಲು ಕಲಿತ ವ್ಯವಸ್ಥೆ, ಇದ್ದವನ ಜೀವನಕ್ಕೆ ಬೆಲೆ ಕೊಡಲು ಕಲಿಯಲಿಲ್ಲ.

ಇದಕ್ಕೆ ಸಮಾಧಾನವೇನು? ಹಕ್ಕು ಸವೆಯುವುದು ಅದನ್ನು ಹೆಚ್ಚಾಗಿ ಉಚ್ಚರಿಸಿದುದರಿಂದಲ್ಲ, ಉಚ್ಚರಿಸಿ ಕೈಬಿಟ್ಟುದರಿಂದ. ಚರಂಡಿಗೆ ಯಂತ್ರ ಕೊಳ್ಳುವ ಹಣಕ್ಕಿಂತ ಮೊದಲು ಇನ್ನೊಬ್ಬ ಮನುಷ್ಯನನ್ನು ಗುಂಡಿಗೆ ಇಳಿಸುವ ಮನಸ್ಸು ಬದಲಾಗಬೇಕು. ಆ ಮನಸ್ಸು ಜಾತಿಯಲ್ಲಿ ಬೇರು ಬಿಟ್ಟಿದೆ. ಅದನ್ನು ಯಾವ ನ್ಯಾಯಪೀಠವೂ ಒಂದು ಆಜ್ಞೆಯಿಂದ ಕೀಳಲಾರದು. ಆದರೆ ಆ ಆಜ್ಞೆ ಇಲ್ಲದಿದ್ದರೆ ಸತ್ತವನ ಹೆಂಡತಿ ಕಚೇರಿಯ ಬಾಗಿಲಲ್ಲಿ ನಿಂತು ಬೇಡಬೇಕಾಗಿತ್ತು. ಅದು ಇರುವುದರಿಂದ ಕೇಳಬಹುದಾಗಿದೆ. ಬೇಡುವುದಕ್ಕೂ ಕೇಳುವುದಕ್ಕೂ ಇರುವ ಅಂತರವೇ ಪ್ರಜೆಯ ಘನತೆ.

ಉಪಸಂಹಾರ

ಸೂತ್ರದ ಅರ್ಥ ಬೆಳೆದ ಬಗೆಯನ್ನು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ರಾತ್ರಿ ನಿದ್ರೆ ಕೆಟ್ಟವನು, ಮಗಳನ್ನು ಕಾಣಲಾರದ ಸೆರೆಯಾಳು, ಚರಂಡಿಯ ನಾತಕ್ಕೆ ಮೂಗು ಮುಚ್ಚಿಕೊಂಡ ಬಡಾವಣೆಯವರು, ದಾರಿ ಕಾಣದ ಬೆಟ್ಟದೂರಿನವರು, ಶುಲ್ಕ ಕಟ್ಟಲಾರದ ವಿದ್ಯಾರ್ಥಿನಿ ಇವರೆಲ್ಲ ಮೊದಲು ಇದು ಸರಿಯಲ್ಲವೆಂದು ಹೇಳಿದರು. ಆ ಮೇಲೆ ನ್ಯಾಯಮೂರ್ತಿಗಳು ಬರೆದರು. ಭಾಷ್ಯದ ಮೊದಲ ಅಕ್ಷರ ಬರೆದವರು ಇವರೇ.

ಆದುದರಿಂದ ಈ ಹಕ್ಕಿನ ಅರಿವು ಊರೂರಿಗೂ ಮುಟ್ಟುವುದು ಅಗತ್ಯ. ಶಾಲೆಯ ಪಂಕ್ತಿಯಲ್ಲಿ ಊಟ ತಪ್ಪಿದರೆ, ಆಸ್ಪತ್ರೆಯ ಬಾಗಿಲು ಮುಚ್ಚಿದರೆ, ರಸ್ತೆ ಅರ್ಧಕ್ಕೆ ನಿಂತರೆ, ಅದು ವಿಧಿಬರೆಹವಲ್ಲವೆಂದೂ ಅಧಿಕಾರಿಯ ಕೃಪೆಯ ಅಭಾವ ಮಾತ್ರವಲ್ಲವೆಂದೂ, ಸಲ್ಲಬೇಕಾದ ಋಣ ಸಲ್ಲದಿರುವುದೆಂದೂ ಅಕ್ಷರ ಬಲ್ಲವರು ಬಾರದವರಿಗೆ ತಿಳಿಸಬೇಕು. ಹಿಮಾಚಲದ ಹಳ್ಳಿಗರ ಕೈಯಲ್ಲಿ ಇದ್ದುದು ಒಂದು ಕಾಗದ ಮಾತ್ರ. ಅದನ್ನು ಬರೆಯಲು ಅಕ್ಷರ ಬೇಕಾಯಿತು, ಬರೆಯುವ ಧೈರ್ಯ ಬೇಕಾಯಿತು. ತಮ್ಮ ಬದುಕು ಬರೆದು ತಿಳಿಸುವಷ್ಟು ಬೆಲೆಯುಳ್ಳದ್ದೆಂಬ ನಂಬಿಕೆ ಬೇಕಾಯಿತು. ಈ ಮೂರೂ ಇದ್ದಲ್ಲಿ ಸಂವಿಧಾನದ ಆ ಒಂದು ವಾಕ್ಯಕ್ಕೆ ಪ್ರಾಣ ಬರುತ್ತದೆ.